ಪಂಪನೂ ಕಥೆ ಬದಲಿಸಿದ್ದ

ನಮ್ಮ ಹಾಸ್ಟೆಲ್‌ನಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚು ಜಗಳ ಆಗುವುದು ‘ದಿ ವಿಚರ್’ ಬಗ್ಗೆ. ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಸೀಸನ್ ಬಂದಾಗಲೆಲ್ಲ ಮೂರು ಪಾರ್ಟಿ ಹುಟ್ಟಿಕೊಳ್ಳುತ್ತವೆ. ಪುಸ್ತಕ ಓದಿದವರು ಇಬ್ಬರೇ, ಆದರೆ ಅವರ ದನಿ ದೊಡ್ಡದು: ‘ಕಥಿ ಪೂರಾ ಹಾಳ ಮಾಡ್ಯಾರ’. ಗೇಮ್ ಆಡಿದವರದ್ದು ಇನ್ನೊಂದು: ‘ಗೆರಾಲ್ಟ್ ಅಂದ್ರ ಗೇಮಿನಾಗಿನ ಗೆರಾಲ್ಟ್, ಉಳಿದಾವೆಲ್ಲ ಡೂಪ್ಲಿಕೇಟ್’. ಎರಡೂ ಗೊತ್ತಿಲ್ಲದೆ ನೇರ ಸರಣಿಗೆ ಕೂತವರು ‘ನಮಗ ಚಲೋ ಅನಿಸೈತಿ, ನಿಮ್ಮದೇನ್ರೋ ತಕರಾರು’ ಎಂದು ಹೊದಿಕೆ ಎಳೆದುಕೊಂಡು ಮಲಗುತ್ತಾರೆ.

ಈ ಜಗಳ ಕೇಳುವಾಗೆಲ್ಲ ನನಗೆ ಒಂದು ಮಾತು ಅನಿಸುತ್ತದೆ. ದೊಡ್ಡ ಕಥೆಯೊಂದನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಂದಾಗ ಏನಾಗುತ್ತದೆ ಎಂಬುದನ್ನು ನಾವು, ಅಂದರೆ ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಬಂದ ಹುಡುಗರು, ಪೋಲೆಂಡಿನವರಿಂದ ಕಲಿಯಬೇಕಾಗಿಲ್ಲ. ನಮ್ಮ ನೆಲದ ಇಬ್ಬರು ಇದನ್ನೇ ಮಾಡಿದ್ದಾರೆ. ಒಬ್ಬ ಅಣ್ಣಿಗೇರಿಯ ನಂಟಿನ ಪಂಪ, ಇನ್ನೊಬ್ಬ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸ. ಇಬ್ಬರೂ ಮಹಾಭಾರತವನ್ನು ತಮ್ಮ ಕಾಲಕ್ಕೆ, ತಮ್ಮ ಜನಕ್ಕೆ ಬದಲಿಸಿ ಹೇಳಿದರು. ಇವರ ನಂತರ ದೊಡ್ಡಾಟದವರು ಬದಲಿಸಿದರು, ಆಮೇಲೆ ಟಿವಿಯವರು ಬದಲಿಸಿದರು. ಹಾಗಾಗಿ ‘ಮೂಲದ ಹಾಗೆ ಇದೆಯೋ ಇಲ್ಲವೋ’ ಎಂಬ ಪ್ರಶ್ನೆಯೇ ಅಷ್ಟು ಉಪಯೋಗದ್ದಲ್ಲ ಎಂಬುದು ನನ್ನ ವಾದ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ.

ಮೂಲವೇ ಒಂದು ರೂಪಾಂತರ

ಮೊದಲು ವಿಚರ್ ವಿಷಯ, ಗೊತ್ತಿಲ್ಲದವರಿಗಾಗಿ. ಪೋಲೆಂಡಿನ ಲೇಖಕ ಆಂದ್ಜೆಯ್ ಸಾಪ್ಕೋವ್ಸ್ಕಿ 1986ರಲ್ಲಿ ಒಂದು ಪತ್ರಿಕೆಯ ಕಥಾಸ್ಪರ್ಧೆಗೆ ಸಣ್ಣಕಥೆ ಬರೆದರು. ಕೂಲಿ ಪಡೆದು ರಾಕ್ಷಸ ಪ್ರಾಣಿಗಳನ್ನು ಕೊಲ್ಲುವ ಗೆರಾಲ್ಟ್ ಅದರ ನಾಯಕ. ಅದು ಬೆಳೆದು ಕಥಾಸಂಕಲನಗಳಾದವು, ಕಾದಂಬರಿಗಳಾದವು. ಅದೇ ದೇಶದ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2007, 2011 ಮತ್ತು 2015ರಲ್ಲಿ ಮೂರು ಗೇಮ್ ತಂದಿತು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಸರಣಿ ಶುರುವಾಯಿತು. ಮೂರು ಸೀಸನ್‌ಗಳಲ್ಲಿ ಹೆನ್ರಿ ಕ್ಯಾವಿಲ್ ಗೆರಾಲ್ಟ್ ಆಗಿದ್ದರು, ನಾಲ್ಕನೆಯದಕ್ಕೆ ಲಿಯಾಮ್ ಹೆಮ್ಸ್‌ವರ್ತ್ ಬಂದರು.

ಒಂದು ವಿಚಿತ್ರ ಗಮನಿಸಿ. ಸರಣಿಗೆ ಬಿದ್ದಷ್ಟು ಬೈಗುಳ ಗೇಮ್‌ಗೆ ಬೀಳಲಿಲ್ಲ. ಗೇಮ್‌ನವರು ಮೂಲ ಬದಲಿಸಲಿಲ್ಲವೇ? ಬೇಕಾದಷ್ಟು ಬದಲಿಸಿದರು. ಆದರೆ ಅವರು ಪುಸ್ತಕದ ಕಥೆಯನ್ನೇ ಮತ್ತೆ ಹೇಳಲಿಲ್ಲ. ಕಾದಂಬರಿಗಳು ಮುಗಿದ ಮೇಲೆ ಏನಾಯಿತು ಎಂದು ತಮ್ಮದೇ ಕಥೆ ಕಟ್ಟಿದರು. ಸರಣಿಯವರು ಪುಸ್ತಕದ ಕಥೆಯನ್ನೇ ಹೇಳುತ್ತೇವೆ ಎಂದು ಹೊರಟರು. ಓದುಗನ ಕೈಯಲ್ಲಿ ಅಳತೆಪಟ್ಟಿ ಇದ್ದೇ ಇತ್ತು. ಪುಸ್ತಕದಲ್ಲಿ ಸಿರಿ ಎಂಬ ಹುಡುಗಿಗೆ ಯೆನೆಫರ್ ತಾಯಿಯ ಹಾಗೆ. ಸರಣಿಯ ಎರಡನೇ ಸೀಸನ್‌ನಲ್ಲಿ ಅದೇ ಯೆನೆಫರ್, ಕಳೆದುಹೋದ ಮಂತ್ರಶಕ್ತಿ ಮರಳಿ ಸಿಗಲಿ ಎಂದು ಆ ಹುಡುಗಿಯನ್ನು ದುಷ್ಟಶಕ್ತಿಗೆ ಒಪ್ಪಿಸಲು ಹೊರಡುತ್ತಾಳೆ. ಓದಿದವರ ಹೊಟ್ಟೆ ಉರಿದದ್ದು ಇಲ್ಲಿ.

ಆದರೆ ಈ ‘ಮೂಲ’ ಎಷ್ಟು ಮೂಲ? ಸಾಪ್ಕೋವ್ಸ್ಕಿಯ ಮೊದಮೊದಲ ಕಥೆಗಳನ್ನು ಓದಿದರೆ ಗೊತ್ತಾಗುತ್ತದೆ. ಒಂದು ಕಥೆಯಲ್ಲಿ ನಮಗೆ ಗೊತ್ತಿರುವ ‘ಸ್ನೋ ವೈಟ್’ ಕತ್ತಿ ಹಿಡಿದು ಸೇಡಿಗೆ ಬಂದಿದ್ದಾಳೆ. ಇನ್ನೊಂದರಲ್ಲಿ ‘ಸುಂದರಿ ಮತ್ತು ಮೃಗ’ದ ಕಥೆ ತಿರುವುಮುರುವಾಗಿದೆ. ಅಂದರೆ ಅಜ್ಜಿಕಥೆಗಳನ್ನು ಆತ ಬದಲಿಸಿದ, ಆತನ ಕಥೆಯನ್ನು ಗೇಮ್‌ನವರು ಮುಂದುವರಿಸಿದರು, ಸರಣಿಯವರು ಮತ್ತೆ ಬದಲಿಸಿದರು. ಬುಡ ಹುಡುಕುತ್ತ ಹೋದರೆ ಯಾರದೋ ಒಲೆಯ ಮುಂದಿನ ಅಜ್ಜಿಯ ಹತ್ತಿರ ಹೋಗಿ ನಿಲ್ಲಬೇಕು.

ಅಣ್ಣಿಗೇರಿಯ ಪಂಪ, ಮುಧೋಳದ ರನ್ನ

ಈಗ ನಮ್ಮ ಕಡೆ ಬನ್ನಿ. ಪಂಪನ ತಾಯಿ ಅಬ್ಬಣಬ್ಬೆ. ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನದಿಂದ ತಿಳಿಯುತ್ತದೆ. ಈ ಊರನ್ನು ನಾವು ಬಸ್ ಬದಲಿಸಲಿಕ್ಕೆ, ಹತ್ತಿ, ಮೆಣಸಿನಕಾಯಿ, ಕಡಲೆ ಮಾರಲಿಕ್ಕೆ ಬಳಸುತ್ತೇವೆ. ಕನ್ನಡದ ಆದಿಕವಿಯ ತಾಯಿಯ ಊರು ಎಂದು ಬಸ್‌ಸ್ಟ್ಯಾಂಡ್‌ನಲ್ಲಿ ನಿಂತಾಗ ನೆನಪಾಗುವುದು ಕಡಿಮೆ.

ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ. ವೇಮುಲವಾಡದ ಚಾಲುಕ್ಯ ದೊರೆ ಅರಿಕೇಸರಿ ಅವನ ಆಶ್ರಯದಾತ, ಗೆಳೆಯ. ಆ ಅರಿಕೇಸರಿಯನ್ನೇ ಪಂಪ ಅರ್ಜುನನನ್ನಾಗಿ ಮಾಡಿದ. ಇದನ್ನು ಮುಚ್ಚುಮರೆ ಇಲ್ಲದೆ ಕಾವ್ಯದಲ್ಲೇ ಹೇಳಿದ. ದೊರೆಯೇ ಅರ್ಜುನ ಎಂದ ಮೇಲೆ ಅವನ ಹೆಂಡತಿಯನ್ನು ಐವರ ಹೆಂಡತಿ ಎನ್ನುವುದು ಹೇಗೆ? ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟಕ್ಕೆ ಏರುವವರು ಧರ್ಮರಾಯ, ದ್ರೌಪದಿ ಅಲ್ಲ, ಅರ್ಜುನ ಮತ್ತು ಸುಭದ್ರೆ. ಇವತ್ತು ಯಾವುದಾದರೂ ಚಾನೆಲ್ ಹೀಗೆ ತೋರಿಸಿದರೆ ಏನಾಗಬಹುದು ಎಂದು ಯೋಚಿಸಿ. ರಾತ್ರೋರಾತ್ರಿ ‘ಬ್ಯಾನ್ ಮಾಡಿ’ ಎಂಬ ಹ್ಯಾಷ್‌ಟ್ಯಾಗ್ ಓಡುತ್ತದೆ. ಆದರೆ ಸಾವಿರ ವರ್ಷದಿಂದ ಕನ್ನಡಿಗರು ಆ ಪುಸ್ತಕವನ್ನು ತಲೆಯ ಮೇಲೆ ಹೊತ್ತಿದ್ದಾರೆ.

ಪಂಪನ ಕಾವ್ಯದಲ್ಲಿ ನನಗೆ ಹಿಡಿಸಿದ ವಿಚಾರ ಇನ್ನೊಂದು. ಕಥೆ ಎಷ್ಟೇ ದೊಡ್ಡದಿರಲಿ, ಅದರ ಮೈ ಕೆಡದ ಹಾಗೆ ಹೇಳಬೇಕು ಎಂಬ ಎಚ್ಚರ ಅವನಿಗಿತ್ತು. ಬದಲಿಸಬಹುದು, ಮೈ ಕೆಡಬಾರದು. ಇಡೀ ವಿಚರ್ ಜಗಳವನ್ನು ತೀರ್ಮಾನಿಸಲು ಇಷ್ಟು ಸಾಕು.

ಹಾಗಾದರೆ ಪಂಪ ಸ್ವತಃ ಇದರಲ್ಲಿ ಪೂರ್ತಿ ಪಾಸಾದನೇ? ಇಲ್ಲ. ದ್ರೌಪದಿಯ ಮುಡಿಗೆ ದುಃಶಾಸನ ಕೈ ಹಾಕಿದಾಗ ಪ್ರತಿಜ್ಞೆ ಮಾಡುವವನು ಭೀಮ. ಕೊನೆಗೆ ಸೇಡು ತೀರಿಸಿಕೊಂಡು ಆ ಮುಡಿ ಕಟ್ಟುವವನೂ ಭೀಮ. ಆಕೆ ಅರ್ಜುನನೊಬ್ಬನ ಹೆಂಡತಿಯಾದರೆ ಈ ಕೆಲಸ ಅರ್ಜುನನದ್ದಲ್ಲವೇ? ವಿಮರ್ಶಕರು ಬಹಳ ಹಿಂದೆಯೇ ಇದನ್ನು ತೋರಿಸಿದ್ದಾರೆ. ಒಂದು ಕಡೆ ಎಳೆ ತೆಗೆದರೆ ಇನ್ನೊಂದು ಕಡೆ ಹೊಲಿಗೆ ಬಿಡುತ್ತದೆ. ಪ್ರೋಗ್ರಾಮ್ ಬರೆದ ಯಾರಿಗಾದರೂ ಇದು ಗೊತ್ತು. ಒಂದು ಫಂಕ್ಷನ್ ಬದಲಿಸಿದರೆ ಅದನ್ನು ಕರೆಯುವ ಹತ್ತು ಕಡೆ ಎರರ್ ಬರುತ್ತದೆ. ಆದಿಕವಿಯೂ ಅದರಿಂದ ಪಾರಾಗಲಿಲ್ಲ ಎನ್ನುವುದು ನನಗೇನೋ ಸಮಾಧಾನದ ಮಾತು.

ಮುಂದಿನ ತಲೆಮಾರಿನಲ್ಲಿ ಮುಧೋಳದ ರನ್ನ ಬಂದ. ಪಂಪಭಾರತದ 13ನೇ ಆಶ್ವಾಸದ ಗದಾಯುದ್ಧದ ಭಾಗ ಹಿಡಿದು ಇಡೀ ಒಂದು ಕಾವ್ಯ ಬೆಳೆಸಿದ. ಅವನ ದೊರೆ ಸತ್ಯಾಶ್ರಯ. ಹಾಗಾಗಿ ಇಲ್ಲಿ ನಾಯಕ ಅರ್ಜುನ ಅಲ್ಲ, ಭೀಮ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವವನು ಸೋತ ದುರ್ಯೋಧನ. ಇಂದಿನ ಭಾಷೆಯಲ್ಲಿ ಇದು ಸ್ಪಿನ್-ಆಫ್. ನಾವು ಹೊಸದು ಅಂದುಕೊಂಡ ಎಷ್ಟೋ ಸಂಗತಿ ನಮ್ಮಲ್ಲಿ ಹತ್ತನೇ ಶತಮಾನದ ಸರಕು.

ಕೋಳಿವಾಡದ ದ್ರೌಪದಿ

15ನೇ ಶತಮಾನದ ಕುಮಾರವ್ಯಾಸ ಬೇರೆ ದಾರಿ ಹಿಡಿದ. ಅವನಿಗೆ ದೊರೆಯ ಹಂಗಿಲ್ಲ, ಗದುಗಿನ ವೀರನಾರಾಯಣನೇ ದೊರೆ. ತಾನು ಹೇಳುವುದು ಕೃಷ್ಣನ ಕಥೆ ಎಂದ. 18 ಪರ್ವಗಳಲ್ಲಿ ಮೊದಲ ಹತ್ತನ್ನು ಮಾತ್ರ ಹೇಳಿ, ಗದಾಪರ್ವಕ್ಕೆ ನಿಲ್ಲಿಸಿದ. ಪಂಪ ತೆಗೆದುಹಾಕಿದ ಐವರು ಗಂಡಂದಿರನ್ನು ಮರಳಿ ತಂದ. ಹಾಗೆ ತಂದದ್ದರಿಂದ ಏನು ಸಿಕ್ಕಿತು ಎಂಬುದು ನನಗೆ ದ್ವಿತೀಯ ಪಿಯುಸಿ ಪಠ್ಯದಲ್ಲಿ ಗೊತ್ತಾಯಿತು.

ಕೀಚಕ ಕಾಡುತ್ತಾನೆ. ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಗಂಡಂದಿರು ಅಜ್ಞಾತವಾಸದ ನೆಪದಲ್ಲಿ ಸುಮ್ಮನಿರುತ್ತಾರೆ. ರಾತ್ರಿ ದ್ರೌಪದಿ ಅಡುಗೆಮನೆಯಲ್ಲಿ ಮಲಗಿದ್ದ ಭೀಮನ ಹತ್ತಿರ ಬರುತ್ತಾಳೆ. ಐದು ಜನ ಗಂಡಂದಿರು, ಲೋಕ ಗೆದ್ದ ವೀರರು, ಒಬ್ಬಳನ್ನು ಕಾಯಲಾರದೆ ಹೋದಿರಲ್ಲ ಎಂಬ ಅರ್ಥದ ಮಾತು ಆಡುತ್ತಾಳೆ. ಪಠ್ಯಪುಸ್ತಕದ ಆ ಪದ್ಯಗಳನ್ನು ನಮ್ಮ ಲೆಕ್ಚರರ್ ಓದಿದಾಗ ಹಿಂದಿನ ಬೆಂಚೂ ಸುಮ್ಮನಾಗಿತ್ತು. ಪಂಪನ ದ್ರೌಪದಿ ಈ ಮಾತು ಆಡಲಾರಳು, ಅವಳಿಗೆ ಗಂಡ ಒಬ್ಬನೇ. ಒಂದು ಬದಲಾವಣೆಯಿಂದ ಒಬ್ಬ ಕವಿ ದೊರೆಯ ಮಾನ ಉಳಿಸಿಕೊಂಡ, ಆ ಬದಲಾವಣೆಯನ್ನು ಒಪ್ಪದ ಇನ್ನೊಬ್ಬ ಕವಿ ಹೆಣ್ಣಿನ ಸಿಟ್ಟನ್ನು ಉಳಿಸಿಕೊಂಡ. ಇಬ್ಬರನ್ನೂ ಇಟ್ಟು ನೋಡಿದಾಗಲೇ ಇದು ಕಾಣುವುದು. ಮೂಲಕ್ಕೆ ಯಾರು ಹತ್ತಿರ ಎಂದು ಅಂಕ ಕೊಡುತ್ತ ಕೂತರೆ ಕಾಣುವುದಿಲ್ಲ.

ಇದೂ ಒಂದು ಆಟ

ಪುಸ್ತಕ ಆಯಿತು, ಟಿವಿ ಆಮೇಲೆ. ಗೇಮ್ ಎಲ್ಲಿ ಎಂದು ಕೇಳಬಹುದು. ನಮ್ಮ ಭಾಷೆಯಲ್ಲಿ ಅದಕ್ಕೆ ಉತ್ತರ ಇದೆ. ಕಬಡ್ಡಿಯೂ ಆಟ, ಲಗೋರಿಯೂ ಆಟ, ಮೊಬೈಲ್‌ನಲ್ಲಿ ಇರುವುದೂ ಆಟ, ಗುಡಿಯ ಮುಂದೆ ಬೆಳತನಕ ಕುಣಿಯುವ ‘ಕೀಚಕವಧೆ’ಯೂ ಆಟ. ದೊಡ್ಡಾಟ, ಸಣ್ಣಾಟ, ಬಯಲಾಟ. ಹೆಸರಿನಲ್ಲೇ ಆಟ ಇದೆ.

ಸುಮ್ಮನೆ ಶಬ್ದದ ಚಮತ್ಕಾರಕ್ಕೆ ಹೇಳುತ್ತಿಲ್ಲ. ಗೇಮ್‌ಗೂ ಸಿನಿಮಾಕ್ಕೂ ಇರುವ ವ್ಯತ್ಯಾಸ ಏನು? ಗೇಮ್‌ನಲ್ಲಿ ನಮ್ಮ ಕೈಯಾಡುತ್ತದೆ. ನಾವು ಮಾಡಿದ್ದಕ್ಕೆ ತಕ್ಕಂತೆ ಅದು ತಿರುಗುತ್ತದೆ. ದೊಡ್ಡಾಟವೂ ಹಾಗೇ. ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಮಾಸ್ತರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಆದರೆ ಆಟದ ರಾತ್ರಿ ಕಥೆ ಎಷ್ಟು ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅರ್ಧ ತೀರ್ಮಾನಿಸುವವರು ನೋಡುವ ಮಂದಿ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’. ಕುಣಿತ ಹಿಡಿಸಿದರೆ ಆಯೇರಿ ಬರುತ್ತದೆ, ನೋಟು ಎದೆಯ ಮೇಲೆ ಪಿನ್ ಆಗುತ್ತದೆ, ಪಾತ್ರಧಾರಿ ಇನ್ನೊಂದು ಸುತ್ತು ಹಾಕುತ್ತಾನೆ. ಒಮ್ಮೆ ನಮ್ಮ ಕಾಕಾ ಕೀಚಕನ ಪಾರ್ಟ್ ಹಾಕಿದ್ದರು. ಮರುದಿನ ಕಿರಾಣಿ ಅಂಗಡಿಗೆ ಹೋದಾಗ ಮುದುಕಿಯೊಬ್ಬಳು ‘ಆಕಿ ಸೀರಿಗೆ ಕೈ ಹಾಕಾಕ ನಿನಗ ನಾಚಿಕಿ ಬರಲಿಲ್ಲೇನೋ’ ಎಂದು ಬೈದಿದ್ದಳು. ಇಷ್ಟು ಒಳಗೆ ಇಳಿಸುವ ಗ್ರಾಫಿಕ್ಸ್ ಕಾರ್ಡ್ ಇನ್ನೂ ಬಂದಿಲ್ಲ.

ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರ ಇರುತ್ತದೆ. ಅವನು ರಾಜರನ್ನು ‘ನೀವ್ಯಾರು, ಎಲ್ಲಿಂದ ಬಂದಿರಿ’ ಎಂದು ಮಾತಿಗೆ ಎಳೆಯುವವನು, ನಗಿಸುವವನು. ಅವನ ಮಾತು ಪುಸ್ತಕದಲ್ಲಿ ಇರುವುದಿಲ್ಲ, ಆ ರಾತ್ರಿಯದ್ದು. ಐದು ಊರು ಕೊಡಲೊಲ್ಲೆ ಎಂದ ಕೌರವನಿಗೆ ನಮ್ಮೂರ ಸಾರಥಿ, ‘ದೊರಿ, ಐದು ಊರು ಕೇಳಿದ್ರೂ ಕೊಡಂಗಿಲ್ಲ ಅಂತೀಯಲ್ಲ, ನಿನ್ನ ರಾಜ್ಯದಾಗೂ ಟ್ರಿಬ್ಯುನಲ್ ಐತೇನು?’ ಎಂದಿದ್ದ. ಮಹದಾಯಿ ನೀರಿಗಾಗಿ ನವಲಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತ ಸೀಮೆಯಲ್ಲಿ ಆ ಮಾತಿಗೆ ಎಂಥ ನಗೆ ಎದ್ದಿರಬೇಕು ನೀವೇ ಊಹಿಸಿ. ವ್ಯಾಸರು ಇದನ್ನು ಬರೆದಿಲ್ಲ. ಆದರೆ ಕೊಡಬೇಕಾದ್ದನ್ನು ಕೊಡದವನ ಕಥೆ ಎಂಬ ಮೈ ಕೆಟ್ಟಿಲ್ಲ. ನನ್ನ ಪ್ರಕಾರ ಇದು ಒಳ್ಳೆಯ ರೂಪಾಂತರ.

ಎರಡು ಟಿವಿ ಮಹಾಭಾರತ

ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ದೂರದರ್ಶನದಲ್ಲಿ 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ 94 ಕಂತು ಬಂತು. ಅವ್ವ ಆಗ ಚಿಕ್ಕವಳು. ಅವಳ ತವರೂರಿನಲ್ಲಿ ಇದ್ದದ್ದು ಒಂದೇ ಟಿವಿ, ರವಿವಾರ ಮುಂಜಾನೆ ಆ ಮನೆಯ ಪಡಸಾಲೆ ತುಂಬಿ ಜನ ಅಂಗಳಕ್ಕೂ ಬರುತ್ತಿದ್ದರಂತೆ. ಭಾಷೆ ಹಿಂದಿ, ಅದು ಅಲ್ಲಿ ಯಾರಿಗೂ ಬಾರದು. ಆದರೂ ಯಾರಿಗೂ ತೊಡಕಾಗಲಿಲ್ಲ, ಯಾಕೆಂದರೆ ಕಥೆ ಎಲ್ಲರಿಗೂ ಗೊತ್ತಿತ್ತು. ಆ ಅಜ್ಜ ಮಳೆ ಹಿಂದೆ ಸರಿದ ವರ್ಷ ಊರಿನ ಗುಡಿಯಲ್ಲಿ ವಿರಾಟಪರ್ವ ಓದುತ್ತಿದ್ದವರು. ಅವರು ಟಿವಿಯ ಮುಂದೆ ಕೂತು ‘ಇಲ್ಲಿ ಇವ ಹಿಂಗ ಹೇಳಾಕತ್ತಾನ, ಆದ್ರ ನಾರಣಪ್ಪ ಹಂಗ ಹೇಳಿಲ್ಲ’ ಎಂದು ಟೀಕೆ ಮಾಡುತ್ತಿದ್ದರಂತೆ. ಉದಾಹರಣೆಗೆ, ಮಯಸಭೆಯಲ್ಲಿ ಬಿದ್ದ ದುರ್ಯೋಧನನನ್ನು ದ್ರೌಪದಿ ‘ಕುರುಡನ ಮಗ’ ಎಂದು ಹಂಗಿಸುವುದು ಆ ಧಾರಾವಾಹಿಯಿಂದ ದೇಶಕ್ಕೆಲ್ಲ ಬಾಯಿಪಾಠವಾಯಿತು. ಪುಣೆಯ ಭಂಡಾರಕರ್ ಸಂಸ್ಥೆಯ ಪರಿಷ್ಕೃತ ಮಹಾಭಾರತದಲ್ಲಿ ದ್ರೌಪದಿಯ ಬಾಯಲ್ಲಿ ಆ ಮಾತಿಲ್ಲ. ಇಡೀ ಯುದ್ಧಕ್ಕೆ ಒಬ್ಬ ಹೆಂಗಸಿನ ನಾಲಿಗೆ ಕಾರಣ ಎಂದು ನಂಬುವವರು ಇವತ್ತಿಗೂ ಇದ್ದಾರೆ. ಒಂದು ಸಂಭಾಷಣೆ ಎಷ್ಟು ದೂರ ಹೋಗಬಹುದು ನೋಡಿ.

ಎರಡನೆಯದು 2013ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ 267 ಕಂತುಗಳ ‘ಮಹಾಭಾರತ್’. ಅದು ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಅದಕ್ಕೂ ಮುಂಚೆ ಡಬ್ಬಿಂಗ್‌ಗೆ ನಮ್ಮಲ್ಲಿ ದೊಡ್ಡ ವಿರೋಧ ಇತ್ತು. 2012ರಲ್ಲಿ ‘ಸತ್ಯಮೇವ ಜಯತೇ’ ಪಕ್ಕದ ಭಾಷೆಗಳಲ್ಲಿ ಬಂದರೂ ಕನ್ನಡ ವಾಹಿನಿಗಳಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಎಂದು ಆದೇಶಿಸಿತು. ಡಬ್ಬಿಂಗ್ ಬೇಡ ಎಂಬ ವಾದ ನನಗೆ ಒಪ್ಪಿಗೆ ಇಲ್ಲ. ಲಾಕ್‌ಡೌನ್ ಸಂಜೆಗಳಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಬಂದು, ಕೃಷ್ಣ ಕನ್ನಡದಲ್ಲಿ ಮಾತಾಡುವುದನ್ನು ಕೇಳುತ್ತಿದ್ದಳು. ಅದನ್ನು ಕಂಡವನು ಆ ಸಂತೋಷ ಅವಳಿಗೆ ಸಿಗಬಾರದಿತ್ತು ಎಂದು ಹೇಳಲಾರ.

ಆ ಧಾರಾವಾಹಿಯ ಒಂದು ಬದಲಾವಣೆ ನನಗೆ ಹಿಡಿಸಿತು. ಕೃಷ್ಣ ಕಥೆಯ ನಡುವೆ ನಮ್ಮ ಕಡೆ ತಿರುಗಿ ಮಾತಾಡುತ್ತಾನೆ. ಇಡೀ ಕಥೆಯನ್ನು ಕೃಷ್ಣನ ಕಣ್ಣಿಂದ ಹೇಳುವುದು, ಇದು ಕುಮಾರವ್ಯಾಸನ ದಾರಿಯೇ. ಆದರೆ ಕೋಳಿವಾಡದ ಕೃಷ್ಣ ಇಷ್ಟು ಸಾಧು ಅಲ್ಲ. ಉದ್ಯೋಗಪರ್ವದಲ್ಲಿ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು, ನೆಂಟನ ಹಾಗೆ ಹತ್ತಿರ ಸರಿದು, ನೀನು ಕುಂತಿಯ ಮಗ ಎಂದು ಹೇಳುತ್ತಾನೆ. ಹೇಳಿದ್ದು ಸತ್ಯವೇ. ಆದರೆ ಕರ್ಣನಿಗೆ ತಕ್ಷಣ ಅರ್ಥವಾಗುತ್ತದೆ: ಹುಟ್ಟಿನ ಗುಟ್ಟು ಹೇಳಿಯೇ ಈತ ನನ್ನನ್ನು ಕೊಂದ. ಇನ್ನು ಅಣ್ಣತಮ್ಮಂದಿರ ಮೇಲೆ ಬಾಣ ಬಿಡುವ ಕೈ ನಡುಗುತ್ತದೆ. ಸತ್ಯವನ್ನು ಆಯುಧ ಮಾಡಿಕೊಂಡ ಆ ಕೃಷ್ಣ ಭಯ ಹುಟ್ಟಿಸುತ್ತಾನೆ. ಟಿವಿಯ ಕೃಷ್ಣ ಬುದ್ಧಿಮಾತು ಹೇಳುತ್ತಾನೆ. ಆ ತುಣುಕುಗಳು ಇವತ್ತು ವಾಟ್ಸ್‌ಆ್ಯಪ್ ಸ್ಟೇಟಸ್ ಆಗಿವೆ. ಸ್ಟೇಟಸ್ ಆಗಬಲ್ಲ ಕೃಷ್ಣ ಸುಲಭ. ಕುಮಾರವ್ಯಾಸನ ಕೃಷ್ಣನನ್ನು 30 ಸೆಕೆಂಡಿಗೆ ಕತ್ತರಿಸಲು ಬರುವುದಿಲ್ಲ.

ಹಾಗಾದರೆ ಏನು ಬದಲಿಸಿದರೂ ಸರಿಯೇ?

ಗೆಳೆಯರು ಈ ಪ್ರಶ್ನೆ ಕೇಳುತ್ತಾರೆ. ಸರಿಯಲ್ಲ. ಮೂಲಕ್ಕೆ ನಿಷ್ಠೆ ಎಂಬ ಅಳತೆ ಬಿಟ್ಟರೆ ಅಳತೆಯೇ ಇಲ್ಲ ಎಂದಲ್ಲ. ನಾನು ಮೂರು ಪ್ರಶ್ನೆ ಕೇಳುತ್ತೇನೆ.

ಒಂದು, ಬದಲಾವಣೆಗೆ ಕಾರಣ ಕಥೆಯ ಒಳಗೆ ಕಾಣುತ್ತದೆಯೇ? ಪಂಪ ತನ್ನ ಕಾರಣ ಮುಂಚೆಯೇ ಹೇಳಿದ. ಸಾರಥಿಯ ಕಾರಣ ಎದುರು ಕೂತ ಜನ. ಮುಂದಿನ ಕಂತಿನವರೆಗೆ ವೀಕ್ಷಕನನ್ನು ಹಿಡಿದಿಡಬೇಕು ಎಂಬುದೊಂದೇ ಕಾರಣವಾದರೆ ಅದು ಕಥೆಯ ಕಾರಣ ಅಲ್ಲ, ಚಾನೆಲ್‌ನ ಕಾರಣ.

ಎರಡು, ಉಳಿದ ಕಥೆ ಆ ಬದಲಾವಣೆಯನ್ನು ತಾಳಿಕೊಳ್ಳುತ್ತದೆಯೇ? ಯೆನೆಫರ್ ವಿಷಯದಲ್ಲಿ ಹೊಲಿಗೆ ಬಿಟ್ಟಿತು. ಮಾರಲು ಹೊರಟವಳು ಮುಂದೆ ತಾಯಿಯಾಗಬೇಕು, ನಡುವಿನ ದಾರಿ ನಂಬಿಸುವಷ್ಟು ಉದ್ದ ಇಲ್ಲ. ಪಂಪನಲ್ಲೂ ಮುಡಿಯ ಪ್ರಸಂಗದಲ್ಲಿ ಹೊಲಿಗೆ ಬಿಟ್ಟಿದೆ, ಆದರೆ ಉಳಿದ ಬಟ್ಟೆ ಅಷ್ಟು ಗಟ್ಟಿ ಇರುವುದರಿಂದ ಹರಿಯಲಿಲ್ಲ.

ಮೂರು, ಹೊಸ ಮಾಧ್ಯಮದ ಬಲ ಬಳಸಿದ್ದಾರೆಯೇ? ‘ವಿಚರ್ 3’ ಗೇಮ್‌ನಲ್ಲಿ ಹೆಂಡತಿ ಮಗಳನ್ನು ಕಳೆದುಕೊಂಡ ಒಬ್ಬ ಕುಡುಕ ಬ್ಯಾರನ್‌ನ ಕಥೆ ಬರುತ್ತದೆ. ಏನು ಆಯ್ಕೆ ಮಾಡಿದರೂ ಯಾರಿಗೋ ಕೇಡು ಕಾದಿದೆ, ಆಯ್ಕೆ ಮಾಡಿದವರು ನಾವೇ. ಪುಸ್ತಕ ಗೆರಾಲ್ಟ್‌ನ ಸಂಕಟ ತೋರಿಸುತ್ತದೆ, ಗೇಮ್ ಆ ಸಂಕಟವನ್ನು ನಮ್ಮ ಹೆಬ್ಬೆರಳಿಗೆ ಕಟ್ಟುತ್ತದೆ. ಟಿವಿ ಧಾರಾವಾಹಿ ಮಾಡಬಲ್ಲದ್ದು ಮುಖವನ್ನು ಹತ್ತಿರದಿಂದ ತೋರಿಸುವುದು. ಆದರೆ ಒಂದೇ ಮಾತಿಗೆ ಸಭೆಯ ಹತ್ತು ಮುಖಗಳನ್ನು ಗುಡುಗು ಸದ್ದಿನ ಜೊತೆ ಸಾಲಾಗಿ ತೋರಿಸಿದಾಗ ಆ ಬಲವೇ ಭಾರವಾಗುತ್ತದೆ.

ನಿಜವಾದ ನಷ್ಟ ಎಲ್ಲಿದೆ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಚಿಂತೆ ಬದಲಾವಣೆಯ ಬಗ್ಗೆ ಅಲ್ಲ. ಚಿಂತೆ ಇದು: 1988ರಲ್ಲಿ ಅಜ್ಜನಂಥವರು ಕಥೆ ಗೊತ್ತಿದ್ದು ಟಿವಿ ನೋಡಿದರು, ತಕರಾರು ತೆಗೆದರು. ನಾವು ಟಿವಿ ನೋಡಿ ಅದನ್ನೇ ಕಥೆ ಅಂದುಕೊಳ್ಳುತ್ತಿದ್ದೇವೆ. ತಕರಾರು ತೆಗೆಯುವ ಶಕ್ತಿಯೇ ಹೋಗಿದೆ. ಯೆನೆಫರ್ ಬದಲಾದದ್ದಕ್ಕೆ ರಾತ್ರಿ ಎರಡರವರೆಗೆ ಜಗಳ ಆಡುವ ನಮ್ಮ ಹಾಸ್ಟೆಲ್‌ನಲ್ಲಿ, ಪಂಪನ ದ್ರೌಪದಿಗೆ ಗಂಡ ಒಬ್ಬನೇ ಎಂದು ಹೇಳಿದಾಗ ‘ಸುಳ್ಳ ಹೇಳಬ್ಯಾಡಲೇ’ ಎಂದವರೇ ಹೆಚ್ಚು. ಅದರಲ್ಲಿ ಅಣ್ಣಿಗೇರಿಯ ಹುಡುಗನೂ ಇದ್ದ.

ವಿಚರ್ ಸರಣಿ ಬಂದಾಗ ಇದಕ್ಕೆ ಉಲ್ಟಾ ಆಯಿತು. ಎಷ್ಟೋ ವರ್ಷ ಹಳೆಯ ಪುಸ್ತಕಗಳು ಮತ್ತೆ ಬೆಸ್ಟ್ ಸೆಲ್ಲರ್ ಪಟ್ಟಿ ಏರಿದವು. 2015ರ ಗೇಮ್ ಅನ್ನು ಒಂದೇ ಹೊತ್ತಿಗೆ ಆಡುವವರ ಸಂಖ್ಯೆ ಸ್ಟೀಮ್‌ನಲ್ಲಿ ಅದು ಬಿಡುಗಡೆಯಾದ ದಿನಗಳ ದಾಖಲೆಯನ್ನೂ ಮೀರಿತು. ಟಿವಿಯಿಂದ ಪುಸ್ತಕಕ್ಕೆ ಹೋಗುವ ದಾರಿ ಅಲ್ಲಿ ತೆರೆದಿತ್ತು. ನಮ್ಮಲ್ಲಿ ಆ ದಾರಿ ಹುಲ್ಲು ಬೆಳೆದು ಮುಚ್ಚಿದೆ. ಪಿಯುಸಿಗೆ ಕನ್ನಡ ಮುಗಿಯುತ್ತದೆ. ಬಿಇಯಲ್ಲಿ ಸಾಂಸ್ಕೃತಿಕ ಕನ್ನಡ ಒಂದು ಕ್ರೆಡಿಟ್‌ನ ವಿಷಯ, ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಆಯಿತು ಎಂಬ ಭಾವನೆ. ಹಳಗನ್ನಡ ಕಷ್ಟ ಎನ್ನುವುದು ನಿಜ. ಆದರೆ ಎಲ್. ಬಸವರಾಜು ಅವರ ‘ಸರಳ ಪಂಪಭಾರತ’ದಂಥ ಪುಸ್ತಕ ಇರುವಾಗ ಅದು ಪೂರ್ತಿ ನೆಪವಾಗದು. ಕುಮಾರವ್ಯಾಸನ ಭಾಷೆಯಂತೂ ನಮ್ಮ ಕಡೆಯವರಿಗೆ ಜೋರಾಗಿ ಓದಿದರೆ ಅರ್ಧಕ್ಕಿಂತ ಹೆಚ್ಚು ತಾನಾಗಿ ತಿಳಿಯುತ್ತದೆ.

ಇದರಲ್ಲಿ ಹೊಟ್ಟೆಪಾಡಿನ ಮಾತೂ ಇದೆ. 2024ರ ಆಗಸ್ಟ್‌ನಲ್ಲಿ ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ ಗೇಮ್ ಬಂತು. ಅವರ 16ನೇ ಶತಮಾನದ ಕಾದಂಬರಿಯ ಕಪಿವೀರನ ಕಥೆ ಮುಗಿದ ಮೇಲಿನ ಕಥೆ ಅದು. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ‘ರಾಜಿ’ ಎಂಬ ಗೇಮ್ ತಂದು ನಮ್ಮ ಪುರಾಣಗಳಿಂದಲೂ ಇದು ಸಾಧ್ಯ ಎಂದು ತೋರಿಸಿತು. ಅನಿಮೇಷನ್, ಗೇಮಿಂಗ್‌ಗಾಗಿ 2012ರಲ್ಲೇ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಓದಿದ ತಕ್ಷಣ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಜಾಹೀರಾತುಗಳು ಬೇಕಾದಷ್ಟಿವೆ. ಹೇಳುವುದು ಇಷ್ಟೇ: ಕೋಡ್ ಎಲ್ಲರಿಗೂ ಬರುತ್ತದೆ, ಈಗ ಎಐ ಕೂಡ ಬರೆಯುತ್ತದೆ. ಕರ್ಣನ ರಥದ ಆ ಹತ್ತು ನಿಮಿಷ ಗೊತ್ತಿರುವವರು ಕಡಿಮೆ. ಅದನ್ನು ಒಂದು ಗೇಮ್ ಮಾಡಿ ನೋಡಿ. ಆಡುವವನು ಕರ್ಣ, ಎದುರು ಕೃಷ್ಣ. ಪಾಂಡವರ ಕಡೆ ಹೋದರೆ ಗೆಳೆಯನಿಗೆ ದ್ರೋಹ, ಉಳಿದರೆ ತಮ್ಮಂದಿರ ರಕ್ತ. ಬ್ಯಾರನ್‌ನ ಕಥೆ ಇದರ ಮುಂದೆ ಸಣ್ಣದು.

ಪ್ರತಿ ವರ್ಷ ಫೈನಲ್ ಇಯರ್‌ನಲ್ಲಿ ಅದೇ ಫೇಸ್ ರೆಕಗ್ನಿಷನ್ ಹಾಜರಿ, ಅದೇ ಪಾರ್ಕಿಂಗ್ ವ್ಯವಸ್ಥೆ ಪ್ರಾಜೆಕ್ಟ್ ಆಗುತ್ತವೆ. ಗೊಡೊ ಎಂಬ ಗೇಮ್ ಎಂಜಿನ್ ಪುಕ್ಕಟೆ ಸಿಗುತ್ತದೆ. ನಾವು ಮೂವರು ಗೆಳೆಯರು ಬರುವ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಕರ್ಣನ ಆ ಪ್ರಸಂಗ ಹಾಕಿಕೊಳ್ಳಬೇಕು ಎಂದು ಮಾತಾಡಿಕೊಂಡಿದ್ದೇವೆ. ಮೊದಲು ಉದ್ಯೋಗಪರ್ವ ಓದಿ ಮುಗಿಸಬೇಕು, ಆಮೇಲೆ ಊರಿನ ದೊಡ್ಡಾಟದ ಮಾಸ್ತರರ ಮುಂದೆ ಕೂತು ಅವರು ಕರ್ಣನನ್ನು ಹೇಗೆ ಕುಣಿಸುತ್ತಾರೆ ಎಂದು ಕೇಳಬೇಕು. ನಾವೂ ಕಥೆ ಬದಲಿಸುತ್ತೇವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಏನನ್ನು ಬದಲಿಸುತ್ತಿದ್ದೇವೆ ಎಂದು ಗೊತ್ತಿದ್ದು ಬದಲಿಸುತ್ತೇವೆ. ಪಂಪನಿಗೂ ಕುಮಾರವ್ಯಾಸನಿಗೂ ಗೊತ್ತಿತ್ತು, ನಮ್ಮೂರ ಸಾರಥಿಗೂ ಗೊತ್ತಿದೆ. ಬದಲಿಸುವ ಹಕ್ಕು ಬರುವುದು ಅಲ್ಲಿಂದ.